ಕಾಲು, ಕಾಲ, ಮಾತು: ಅಪ್ಪ-ಅಮ್ಮನ ಜೊತೆ ಆಂಟಿಕ್ ಬೇಟೆಗೆ ಎಲ್ಲಿಗೆ ಹೋಗುವುದು?

ಶನಿವಾರ, ಭಾನುವಾರ ಎರಡು ದಿನ ಕೈಯಲ್ಲಿವೆ. ಅಪ್ಪನಿಗೆ ಗೋಡೆ ಗಡಿಯಾರದ ಹುಚ್ಚು, ಅಮ್ಮನಿಗೆ ಹಳೆಯ ಪಿಂಗಾಣಿ ಕಂಡರೆ ಕಾಲು ಮುಂದಕ್ಕೆ ಹೋಗುವುದಿಲ್ಲ. ಮೂವರೂ ಸೇರಿ ಆಂಟಿಕ್ ಹುಡುಕಿಕೊಂಡು ಹೋಗೋಣ ಎಂದು ಮಾತಾಗಿದೆ. ಎಲ್ಲಿಗೆ? ಬಯಲಿನ ಹಳೆ ಸಾಮಾನಿನ ಸಂತೆಗೋ, ಹತ್ತಾರು ವ್ಯಾಪಾರಿಗಳು ಒಂದೇ ಸೂರಿನಡಿ ಕೂತ ಮಳಿಗೆಗೋ, ಹರಾಜಿಗೋ, ಒಬ್ಬನೇ ವ್ಯಾಪಾರಿಯ ಅಂಗಡಿಗೋ, ಯಾರದೋ ಮನೆ ಖಾಲಿ ಮಾಡುವ ಮಾರಾಟಕ್ಕೋ? ಈ ಗೊಂದಲದಲ್ಲಿರುವವರು ಸಾಮಾನ್ಯವಾಗಿ ಕೇಳುವುದು ಒಳ್ಳೆಯ ಮಾಲು ಎಲ್ಲಿ ಸಿಗುತ್ತದೆ ಎಂದು. ಹೆತ್ತವರು ಜೊತೆಗಿದ್ದಾಗ ಅದು ಎರಡನೆಯ ಪ್ರಶ್ನೆ. ಮೊದಲು ನೋಡಬೇಕಾದದ್ದು ಅವರಿಗೆ ಎಲ್ಲಿ ಕೆಲಸ ಇರುತ್ತದೆ ಎಂಬುದನ್ನು. ಮುಟ್ಟಿ, ತಿರುಗಿಸಿ, ಮೂಗಿನ ಹತ್ತಿರ ತಂದು, "ಇದು ಸರಿಯಿಲ್ಲ ಕಣೋ" ಎಂದು ಹೇಳುವ ಕೆಲಸ. ಆ ಕೆಲಸ ಸಿಗದ ಕಡೆ ಅವರು ಕೈಚೀಲ ಹಿಡಿದು ನಮ್ಮ ಹಿಂದೆ ಬರುವ ಸಾಮಾನಾಗುತ್ತಾರೆ.

ಆಂಟಿಕ್ ಎಂಬ ಮಾತಿಗೆ ವ್ಯಾಪಾರದಲ್ಲಿ ಬಳಕೆಯಲ್ಲಿರುವ ಅಳತೆ ನೂರು ವರ್ಷ. ಇದು ಸುಂಕದ ಕಟ್ಟೆಯ ಲೆಕ್ಕ. ಅಮೆರಿಕದ 1930ರ ಸುಂಕ ಕಾಯ್ದೆ 1830ಕ್ಕಿಂತ ಮೊದಲು ತಯಾರಾದ ವಸ್ತುಗಳಿಗೆ ಸುಂಕ ಬಿಟ್ಟಿತ್ತು. ಆಮೇಲೆ ಆ ಗೆರೆ ವರ್ಷದಿಂದ ವರ್ಷಕ್ಕೆ ತಾನೇ ಸರಿಯುವ ನೂರು ವರ್ಷವಾಯಿತು. ಅದಕ್ಕಿಂತ ಚಿಕ್ಕ ಪ್ರಾಯದ್ದನ್ನು ವಿಂಟೇಜ್ ಎನ್ನುತ್ತಾರೆ. ಎಪ್ಪತ್ತು ದಾಟಿದ ತಂದೆ-ತಾಯಿ ಕೈಯಾರೆ ಬಳಸಿದ್ದು ಬಹುಪಾಲು ಈ ಎರಡನೆಯ ಗುಂಪಿನದು: ವಾಲ್ವ್ ರೇಡಿಯೋ, ತುಳಿಯುವ ಹೊಲಿಗೆ ಯಂತ್ರ, ಕೀಲಿ ಕೊಡುವ ಗಡಿಯಾರ, ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಾಫೋನ್ ತಟ್ಟೆ. ಅಲ್ಲಿ ಅವರ ಮಾತು ಯಾವ ಪುಸ್ತಕಕ್ಕೂ ಕಡಿಮೆಯಲ್ಲ. ಇನ್ನೂರು ವರ್ಷದ ಪೆಟ್ಟಿಗೆಯ ಮುಂದೆ ನಿಂತಾಗ ಮಾತ್ರ ಅವರೂ ನಮ್ಮಷ್ಟೇ ಹೊಸಬರು. ಯಾವ ಜಾಗ ಯಾವ ಕಾಲದ ಸರಕು ಮಾರುತ್ತದೆ ಎಂಬುದನ್ನು ಈ ಕಣ್ಣಿನಿಂದ ನೋಡಿದರೆ ಅರ್ಧ ಆಯ್ಕೆ ಮುಗಿದಂತೆ.

ಅಳೆಯುವ ಕೋಲು

ಐದು ವಿಷಯ ನೋಡುತ್ತೇನೆ. ಮೊದಲನೆಯದು ಕಾಲು: ಎಷ್ಟು ನಡಿಗೆ, ನೆಲ ಸಮವೇ, ನೆರಳಿದೆಯೇ, ಕೂರಲು ಜಾಗ ಎಲ್ಲಿ, ಶೌಚಾಲಯ ಎಷ್ಟು ದೂರ. ಎರಡನೆಯದು ಕಾಲ: ಯಾವ ಹೊತ್ತಿಗೆ ಹೋಗಬೇಕು, ಕೊಳ್ಳುವ ಮೊದಲು ಯೋಚಿಸಲು ಎಷ್ಟು ಸಮಯ ಸಿಗುತ್ತದೆ. ಮೂರನೆಯದು ನಂಬಿಕೆ: ರಸೀದಿಯಲ್ಲಿ ವಸ್ತುವಿನ ಕಾಲ, ಲೋಹ, ರಿಪೇರಿ ಬರೆದುಕೊಡುತ್ತಾರೆಯೇ, ಸುಳ್ಳೆಂದು ಗೊತ್ತಾದರೆ ವಾಪಸ್ ತೆಗೆದುಕೊಳ್ಳುತ್ತಾರೆಯೇ. ನಾಲ್ಕನೆಯದು ಪೂರ್ತಿ ಖರ್ಚು, ಅಂದರೆ ಹೇಳಿದ ಬೆಲೆಯ ಮೇಲೆ ಸಾಗಣೆ, ದುರಸ್ತಿ, ಕಮಿಷನ್ ಎಲ್ಲ ಸೇರಿದ ಮೊತ್ತ. ಐದನೆಯದು ಮಾತು. ಮಾರುವವನ ಹತ್ತಿರ ಅಪ್ಪ ಅರ್ಧ ಗಂಟೆ ನಿಂತು ಮಾತಾಡಬಹುದೇ, ಇಲ್ಲ ಹಿಂದಿನಿಂದ ಜನ ತಳ್ಳುತ್ತಾರೆಯೇ? ಇದನ್ನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಮನೆಗೆ ಬಂದ ಮೇಲೆ ಅವರು ನೆನೆಸಿಕೊಳ್ಳುವುದು ಆ ಅರ್ಧ ಗಂಟೆಯನ್ನೇ.

ಹಳೆ ಸಾಮಾನಿನ ಸಂತೆ

ಪ್ಯಾರಿಸ್ ಅಂಚಿನ ಸೇಂಟ್-ಉವಾನ್‌ನಂಥ ಕಡೆ 19ನೇ ಶತಮಾನದ ಕೊನೆಯಲ್ಲಿ ಬೆಳೆದ ಹಳೆ ಸಾಮಾನಿನ ಬಜಾರುಗಳಿಗೆ ಫ್ರೆಂಚರು ಇಟ್ಟ ಹೆಸರು 'ಚಿಗಟದ ಸಂತೆ'. ಅದೇ ಇಂಗ್ಲಿಷಿಗೆ ಹೋಗಿ ಫ್ಲೀ ಮಾರ್ಕೆಟ್ ಆಯಿತು. ಹೆಸರಿಗೆ ತಕ್ಕ ಹಾಗೆ ಇಲ್ಲಿ ಎಲ್ಲವೂ ಎಲ್ಲದರ ಜೊತೆ ಬೆರೆತಿರುತ್ತದೆ. ಒಡೆದ ಕಪ್ಪಿನ ಪಕ್ಕದಲ್ಲಿ ಒಳ್ಳೆಯ ಹಿತ್ತಾಳೆ ದೀಪ, ಅದರ ಕೆಳಗೆ ಯಾರದೋ ಕುಟುಂಬದ ಫೋಟೋ.

ಅಗ್ಗ ಬೇಕೆಂದರೆ ಇದಕ್ಕೆ ಸಾಟಿಯಿಲ್ಲ. ಅಪ್ಪ-ಅಮ್ಮನ ಕಾಲದ ವಸ್ತುಗಳೇ ಇಲ್ಲಿ ಜಾಸ್ತಿ, ಹಾಗಾಗಿ ಅವರ ಜಾಣತನಕ್ಕೆ ಪೂರ್ತಿ ಕೆಲಸ. ಹೊಲಿಗೆ ಯಂತ್ರದ ಮುಂದೆ ಅಮ್ಮನನ್ನು ನಿಲ್ಲಿಸಿ ನೋಡಿ. ಚಕ್ರ ಒಂದು ಸುತ್ತು ತಿರುಗಿಸಿ, ಸೂಜಿ ಇಳಿಯುವ ಸದ್ದು ಕೇಳಿ, ಕೆಳದಾರ ಸುತ್ತಿಡುವ ಬಾಬಿನ್ ಜಾಗದ ಮುಚ್ಚಳ ಸರಿಸಿ, ದೋಣಿಯಾಕಾರದ ಷಟಲ್ಲೋ ದುಂಡನೆಯ ಬಾಬಿನ್ನೋ ಎಂದು ಹೇಳಿಬಿಡುತ್ತಾಳೆ. ನಿಮ್ಮ ಪಾಲಿಗೆ ಉಳಿಯುವುದು ಬುಡದ ಸಂಖ್ಯೆ ಓದುವುದಷ್ಟೇ: ಸಿಂಗರ್ ಯಂತ್ರದ ಸಂಖ್ಯೆ ಇಂಗ್ಲಿಷ್ ಅಕ್ಷರದಿಂದ ಶುರುವಾದರೆ ಅದು 1900 ಅಥವಾ ಅದರ ನಂತರದ್ದು.

ತೊಂದರೆ ಕಾಲು ಮತ್ತು ಕಾಲದಲ್ಲಿದೆ. ಒಳ್ಳೆಯ ಸರಕು ಬೆಳಕು ಹರಿಯುವ ಮೊದಲೇ ಕೈ ಬದಲಾಯಿಸುತ್ತದೆ. ಬೇರೆ ವ್ಯಾಪಾರಿಗಳೇ ಟಾರ್ಚ್ ಹಿಡಿದು ಬಂದು ಎತ್ತಿಕೊಂಡು ಹೋಗಿರುತ್ತಾರೆ. ಒಳ್ಳೆಯ ಬೆಲೆ ಸಿಗುವುದು ಅಂಗಡಿ ಕಟ್ಟುವ ಹೊತ್ತಿಗೆ, ವಾಪಸ್ ಹೊರುವುದಕ್ಕಿಂತ ಕೊಟ್ಟುಬಿಡುವುದು ಮೇಲು ಎಂದು ಮಾರುವವನಿಗೆ ಅನ್ನಿಸಿದಾಗ. ಈ ಎರಡು ತುದಿಯ ನಡುವೆ ಇಡೀ ದಿನ ಮಂಡಿನೋವಿರುವವರನ್ನು ಬಿಸಿಲಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ನಾನು ಕಂಡುಕೊಂಡ ಉಪಾಯ ಸರಳ: ನಸುಕಿನಲ್ಲಿ ನಾನೊಬ್ಬನೇ ಒಂದು ಸುತ್ತು ಹೊಡೆದು ನಾಲ್ಕೈದು ಮಳಿಗೆ ಗುರುತಿಟ್ಟುಕೊಳ್ಳುತ್ತೇನೆ. ಹತ್ತು ಗಂಟೆಗೆ ಅವರನ್ನು ನೇರವಾಗಿ ಅಲ್ಲಿಗೇ ಕರೆದೊಯ್ಯುತ್ತೇನೆ. ನಡುವೆ ಒಂದೆರಡು ವಸ್ತು ಕೈತಪ್ಪಿದರೆ ತಪ್ಪಲಿ.

ನಂಬಿಕೆಯ ಅಂಕಣದಲ್ಲಿ ಸಂತೆಗೆ ಸೊನ್ನೆ. ರಸೀದಿ ಇಲ್ಲ, ಮುಂದಿನ ವಾರ ಅದೇ ಜಾಗದಲ್ಲಿ ಅದೇ ಮನುಷ್ಯ ಇರುತ್ತಾನೆಂಬ ಖಾತ್ರಿಯೂ ಇಲ್ಲ. ಆದ್ದರಿಂದ ಇಲ್ಲಿ ನನ್ನ ನಿಯಮ ಒಂದೇ: ನಕಲಿ ಎಂದು ಗೊತ್ತಾದರೂ ಮನೆಯಲ್ಲಿ ಇಟ್ಟುಕೊಳ್ಳಲು ಬೇಜಾರಾಗದ ವಸ್ತುವಿಗೆ, ಕಳೆದರೂ ನಿದ್ದೆ ಕೆಡದ ಹಣ. ಜೇಬಿನಲ್ಲಿ ಒಂದು ಆಯಸ್ಕಾಂತ ಇರಲಿ. ಹಿತ್ತಾಳೆಗಾಗಲಿ ಬೆಳ್ಳಿಗಾಗಲಿ ಅದು ಅಂಟುವುದಿಲ್ಲ. ಅಂಟಿತೆಂದರೆ ಒಳಗೆ ಕಬ್ಬಿಣ. ಅಂಟಲಿಲ್ಲ ಎಂದ ಮಾತ್ರಕ್ಕೆ ಬೆಳ್ಳಿ ಎಂದುಕೊಳ್ಳಬೇಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಗೆ ಈ ಸಂತೆಗಿಂತ ಒಳ್ಳೆಯ ಪಾಠಶಾಲೆ ನಾನು ಕಂಡಿಲ್ಲ.

ಒಂದೇ ಸೂರಿನ ಹಲವು ವ್ಯಾಪಾರಿಗಳು

ದೊಡ್ಡ ಕಟ್ಟಡ, ಒಳಗೆ ಗೂಡುಗೂಡಾಗಿ ಹಂಚಿದ ಜಾಗ, ಒಂದೊಂದೂ ಒಬ್ಬೊಬ್ಬ ವ್ಯಾಪಾರಿಯದು, ಹಣ ಕಟ್ಟುವುದು ಮಾತ್ರ ಒಂದೇ ಕಡೆ. ಮಳೆ ಬಂದರೂ ಚಿಂತೆಯಿಲ್ಲ, ನೆಲ ಸಮ, ಶೌಚಾಲಯ ಇದೆ. ಮಾರಾಟಕ್ಕಿಟ್ಟ ಕುರ್ಚಿಯ ಮೇಲೇ ಅಮ್ಮ ಕೂತು ಸುಧಾರಿಸಿಕೊಳ್ಳಬಹುದು, ಯಾರೂ ಏನೂ ಅನ್ನುವುದಿಲ್ಲ. ಎಲ್ಲದಕ್ಕೂ ಚೀಟಿ ಅಂಟಿಸಿರುವುದರಿಂದ ಬೆಲೆ ಕೇಳಲು ಮುಜುಗರಪಡುವವರಿಗೆ ಇದು ವರ. ಮೊದಲ ಸಲ ಹೋಗುವವರಿಗೆ ನನ್ನ ಮೊದಲ ಸಲಹೆ ಇದೇ.

ಕೊರತೆ ಮಾತಿನದು. ಗೂಡಿನ ಯಜಮಾನ ಅಲ್ಲಿರುವುದಿಲ್ಲ. ಗಲ್ಲಾದಲ್ಲಿ ಕೂತವನಿಗೆ ಆ ಗಡಿಯಾರ ಯಾವ ಮನೆಯಿಂದ ಬಂತು ಎಂದು ಗೊತ್ತಿರುವುದಿಲ್ಲ. ಚೌಕಾಸಿ ಮಾಡಬೇಕೆಂದರೆ ಅವನು ಫೋನ್ ಮಾಡಿ ಕೇಳಬೇಕು, ಸಿಗುವ ರಿಯಾಯಿತಿ ಸಣ್ಣದು. ಅರ್ಧ ದಿನ ಚೌಕಾಸಿ ಮಾಡುವುದೇ ಅಪ್ಪನ ಸಂತೋಷವಾಗಿದ್ದರೆ ಇಲ್ಲಿ ಅವರು ಎರಡನೇ ಗಂಟೆಗೇ ಬಾಗಿಲ ಕಡೆ ನೋಡಲು ಶುರು ಮಾಡುತ್ತಾರೆ. ಚೀಟಿಯ ಮೇಲಿನ ಒಕ್ಕಣೆಯನ್ನೂ ಜೋಪಾನವಾಗಿ ಓದಿ. 'ವಿಕ್ಟೋರಿಯನ್' ಎಂದರೆ 19ನೇ ಶತಮಾನದ ವಿಕ್ಟೋರಿಯಾ ರಾಣಿಯ ಕಾಲದ್ದು, 'ವಿಕ್ಟೋರಿಯನ್ ಶೈಲಿ' ಎಂದರೆ ನಿನ್ನೆ ಮಾಡಿದ್ದೂ ಆಗಬಹುದು.

ಒಬ್ಬನೇ ವ್ಯಾಪಾರಿಯ ಅಂಗಡಿ

ಬೆಲೆ ಎಲ್ಲಕ್ಕಿಂತ ಜಾಸ್ತಿ. ಅದಕ್ಕೆ ಪ್ರತಿಯಾಗಿ ಸಿಗುವುದು ಹೊಣೆ: ಬರೆದ ರಸೀದಿ, ಹೆಸರು ಹಾಳಾಗಬಾರದೆಂಬ ಭಯ, ವಾಪಸ್ ಹೋದರೆ ಅದೇ ಮುಖ. ಮಾತಿನ ಅಂಕಣದಲ್ಲಿ ಇದಕ್ಕೆ ನೂರಕ್ಕೆ ನೂರು. ಒಳ್ಳೆಯ ವ್ಯಾಪಾರಿ ವಸ್ತುವಿನ ದೋಷವನ್ನು ತಾನೇ ಮೊದಲು ತೋರಿಸುತ್ತಾನೆ. ತೋರಿಸದಿದ್ದರೆ ನೀವೇ ಕೇಳಿ: "ಇದರಲ್ಲಿ ಮೂಲದ್ದಲ್ಲದ್ದು ಏನೇನಿದೆ?" ಏನೂ ಇಲ್ಲ ಎಂಬ ಉತ್ತರ ನೂರು ವರ್ಷದ ವಸ್ತುವಿಗೆ ಅಷ್ಟು ಸುಲಭವಾಗಿ ಒಪ್ಪುವಂಥದ್ದಲ್ಲ.

ನಾವು ಪೆಟ್ಟು ತಿಂದದ್ದೂ ಇಂಥ ಒಂದು ಅಂಗಡಿಯಲ್ಲೇ. ಅಪ್ಪ ಮೆಚ್ಚಿ ತಂದ ಗೋಡೆ ಗಡಿಯಾರದ ಪೆಟ್ಟಿಗೆ ಹಳೆಯದೇ, ಒಳಗಿನ ಯಂತ್ರವೂ ಹಳೆಯದೇ, ಆದರೆ ಎರಡೂ ಬೇರೆ ಬೇರೆ ಗಡಿಯಾರದವು. ಯಂತ್ರ ಕೂರಿಸುವ ಹಲಗೆಯಲ್ಲಿ ಉಪಯೋಗಕ್ಕೆ ಬಾರದ ನಾಲ್ಕು ಹಳೆ ತೂತುಗಳಿದ್ದವು. ದುರಸ್ತಿಗೆ ಕೊಟ್ಟಾಗ ಗೊತ್ತಾಯಿತು. ಎರಡು ವಸ್ತು ಸೇರಿಸಿ ಒಂದು ಮಾಡಿದ್ದಕ್ಕೆ ಈ ವ್ಯಾಪಾರದ ಭಾಷೆಯಲ್ಲಿ 'ಮದುವೆ' ಎನ್ನುತ್ತಾರೆ. ಅದನ್ನು ಕೇಳಿ ಅಮ್ಮ, "ಎರಡೂ ಒಂದೇ ಗೋಡೆಯ ಮೇಲೆ ಬಾಳ್ವೆ ಮಾಡ್ತಿವೆಯಲ್ಲ, ಬಿಡು" ಎಂದಳು. ಗಡಿಯಾರ ಈಗಲೂ ನಡೆಯುತ್ತಿದೆ, ದಿನಕ್ಕೆ ನಾಲ್ಕು ನಿಮಿಷ ಹಿಂದೆ.

ಬೆಳ್ಳಿ ಕೊಳ್ಳುವುದಾದರೆ ಮಾತ್ರ ನೇರ ಇಂಥ ಅಂಗಡಿಗೇ ಹೋಗಿ, ಸಂತೆಯ ಆಸೆ ಬಿಡಿ. 925 ಎಂಬ ಮುದ್ರೆ ಇದ್ದರೆ ಸಾವಿರಕ್ಕೆ 925 ಪಾಲು ಬೆಳ್ಳಿ ಎಂದರ್ಥ. ಇಂಗ್ಲಿಷಿನಲ್ಲಿ ಇಪಿಎನ್ಎಸ್ ಎಂದಿದ್ದರೆ ಅದು ನಿಕಲ್ ಮಿಶ್ರಲೋಹದ ಮೇಲೆ ವಿದ್ಯುತ್ತಿನಿಂದ ಏರಿಸಿದ ಬೆಳ್ಳಿಯ ತೆಳು ಪದರ. ಎಲ್ಕಿಂಗ್ಟನ್ ಎಂಬ ಇಂಗ್ಲಿಷ್ ಸಂಸ್ಥೆ 1840ರಲ್ಲಿ ವಿದ್ಯುಲ್ಲೇಪನದ ಪೇಟೆಂಟ್ ಪಡೆದ ನಂತರ ಹರಡಿದ ಕಲೆ ಇದು. ಹಳೆಯದಿರಬಹುದು, ಚೆಂದವೂ ಇರಬಹುದು, ಬೆಳ್ಳಿಯ ಬೆಲೆ ಕೊಡುವಂಥದ್ದಂತೂ ಅಲ್ಲ.

ಹರಾಜು

ಹರಾಜೆಂದರೆ ಶ್ರೀಮಂತರ ಆಟ ಎಂದುಕೊಂಡು ಬಹಳ ಜನ ಅತ್ತ ತಲೆ ಹಾಕುವುದಿಲ್ಲ. ಸಾಮಾನ್ಯ ಮನೆ ಸಾಮಾನಿನ ಹರಾಜಿನಲ್ಲಿ ಗಟ್ಟಿ ಮರದ ದೊಡ್ಡ ಬೀರು ಅಂಗಡಿಗಿಂತ ಎಷ್ಟೋ ಕಡಿಮೆಗೆ ಹೋಗುತ್ತದೆ, ಯಾಕೆಂದರೆ ಈಗಿನ ಮನೆಗಳಲ್ಲಿ ಅದನ್ನು ಇಡಲು ಜಾಗವಿಲ್ಲ. ಹೆತ್ತವರ ಜೊತೆ ಹೋಗುವವರಿಗೆ ಹರಾಜಿನ ನಿಜವಾದ ಲಾಭ ಅದಕ್ಕೆ ಮುಂಚಿನ ದಿನಗಳಲ್ಲೊಂದು. ಅದನ್ನು ವೀಕ್ಷಣೆಯ ದಿನ ಎನ್ನುತ್ತಾರೆ. ಎಲ್ಲವನ್ನೂ ಹರಡಿಟ್ಟಿರುತ್ತಾರೆ, ಮುಟ್ಟಬಹುದು, ಡ್ರಾಯರ್ ಎಳೆಯಬಹುದು, ತಲೆಕೆಳಗು ಮಾಡಿ ನೋಡಬಹುದು, ಕೊಳ್ಳೆಂದು ಯಾರೂ ಒತ್ತಾಯಿಸುವುದಿಲ್ಲ.

ಮರಗೆಲಸ ಬಲ್ಲ ಅಪ್ಪನಿಗೆ ಆ ಬೆಳಗ್ಗೆ ಹಬ್ಬ. ಡ್ರಾಯರಿನ ಮೂಲೆಯಲ್ಲಿ ಎರಡು ಹಲಗೆ ಕಚ್ಚಿಕೊಳ್ಳುವ ಡವ್‌ಟೇಲ್ ಹಲ್ಲುಗಳು ಒಂದೊಂದೂ ಕೊಂಚ ಹೆಚ್ಚುಕಮ್ಮಿ ಇದ್ದರೆ ಕೈಯಲ್ಲಿ ಕೊರೆದದ್ದು. ಅಚ್ಚು ಹಾಕಿದಂತೆ ಸಮನಾಗಿದ್ದರೆ ಯಂತ್ರದ್ದು. ಹಲಗೆಯ ಹಿಂಬದಿಯಲ್ಲಿ ಕಮಾನಿನಂಥ ಗೀರುಗಳಿದ್ದರೆ ವೃತ್ತಾಕಾರದ ಗರಗಸದ ಗುರುತು, ಅದು ವ್ಯಾಪಕವಾದದ್ದು 19ನೇ ಶತಮಾನದಲ್ಲಿ. ಪ್ಲಸ್ ತಲೆಯ ಸ್ಕ್ರೂ 1930ರ ದಶಕದ್ದು, ಹಾಗಾಗಿ 1850ರದ್ದೆನ್ನುವ ಮೇಜಿನಲ್ಲಿ ಅದು ಕಂಡರೆ ಕನಿಷ್ಠ ರಿಪೇರಿಯಾದರೂ ಆಗಿದೆ. ನನಗೆ ತುಂಬಾ ಇಷ್ಟವಾದ ಪರೀಕ್ಷೆ ದುಂಡು ಮೇಜಿನದು. ಮರ ಒಣಗುತ್ತಾ ಎಳೆಗೆ ಅಡ್ಡವಾಗಿ ಕುಗ್ಗುತ್ತದೆ, ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಆದ್ದರಿಂದ ಗಟ್ಟಿ ಹಲಗೆಯ ನಿಜವಾದ ಹಳೆ ದುಂಡು ಮೇಜು ಈಗ ಪೂರ್ತಿ ದುಂಡಾಗಿರುವುದಿಲ್ಲ. ಅಪ್ಪನ ಕೈಗೆ ಟೇಪು ಕೊಟ್ಟು ಎರಡು ದಿಕ್ಕಿನಲ್ಲಿ ಅಳೆಯಲು ಹೇಳಿ. ಕೆಲವು ಮಿಲಿಮೀಟರಿನ ವ್ಯತ್ಯಾಸ ಸಿಕ್ಕಾಗ ಅವರ ಮುಖ ನೋಡಬೇಕು.

ಹರಾಜಿನ ದಿನದ ಕಥೆ ಬೇರೆ. ಸಾಮಾನ್ಯವಾಗಿ ಗಂಟೆಗೆ 60ರಿಂದ 120 ವಸ್ತುಗಳು ಹೋಗುತ್ತವೆ. ನಿಮಗೆ ಬೇಕಾದದ್ದು 340ನೆಯದಾಗಿದ್ದರೆ ಸುಮಾರು ಮೂರರಿಂದ ಐದೂವರೆ ಗಂಟೆ ಕಾಯಬೇಕು, ಬಂದಾಗ ಒಂದು ನಿಮಿಷದೊಳಗೆ ಮುಗಿದುಹೋಗುತ್ತದೆ. ಅಷ್ಟು ಹೊತ್ತು ಗಟ್ಟಿ ಕುರ್ಚಿಯ ಮೇಲೆ ಕೂರುವುದು ಬೆನ್ನುನೋವಿನವರಿಗೆ ಶಿಕ್ಷೆ. ಇಷ್ಟೇ ಕೊಡುತ್ತೇನೆ ಎಂದು ಗರಿಷ್ಠ ಮೊತ್ತ ಬರೆದುಕೊಟ್ಟು ಹೊರಡುವ ಅನುಕೂಲ ಬಹುತೇಕ ಕಡೆ ಇದೆ. ಶನಿವಾರ ನೋಡಿ, ಬರೆದುಕೊಟ್ಟು, ಭಾನುವಾರ ಮನೆಯಲ್ಲಿರಿ. ಕೂರಲೇಬೇಕೆಂದರೆ ಕೈ ಎತ್ತುವ ಹಕ್ಕು ಒಬ್ಬರಿಗೇ ಇರಲಿ. ಗಂಡ ಹೆಂಡತಿ ಸಾಲಿನ ಎರಡು ತುದಿಯಲ್ಲಿ ಕೂತು ಒಬ್ಬರ ಮೇಲೊಬ್ಬರು ಬೆಲೆ ಏರಿಸಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ.

ಇನ್ನು ಲೆಕ್ಕ. ಸುತ್ತಿಗೆ ಬಿದ್ದ ಬೆಲೆಯೇ ಕೊಡುವ ಬೆಲೆಯಲ್ಲ. ಲಂಡನ್ನಿನ ಹರಾಜು ಸಂಸ್ಥೆಗಳಾದ ಕ್ರಿಸ್ಟೀಸ್ ಮತ್ತು ಸದಬೀಸ್ 1975ರಲ್ಲಿ ಕೊಳ್ಳುವವರ ಮೇಲೂ ಶೇಕಡಾ 10ರ ಕಮಿಷನ್ ಹಾಕಿದವು. ಈಗ ಅನೇಕ ಕಡೆ ಅದು ಶೇಕಡಾ 20 ದಾಟಿದೆ. ಸುತ್ತಿಗೆ 100ಕ್ಕೆ ಬಿದ್ದು ಕಮಿಷನ್ ಶೇಕಡಾ 25 ಇದ್ದರೆ 125, ಅದರ ಮೇಲೆ ತೆರಿಗೆ, ಸಾಗಣೆ. ಮನಸ್ಸಿನ ಮಿತಿ 100 ಇದ್ದರೆ 75ರ ಹತ್ತಿರವೇ ಕೈ ಇಳಿಸಬೇಕು. ಅಪ್ಪನಿಗೆ ಈ ಗುಣಾಕಾರವನ್ನು ಮೊದಲೇ ಹೇಳಿಡಿ, ಕೊನೆಗೆ ಬಿಲ್ ನೋಡಿ ಇಡೀ ದಾರಿ ಮೌನವಾಗುವುದು ತಪ್ಪುತ್ತದೆ.

ಮನೆ ಖಾಲಿ ಮಾಡುವ ಮಾರಾಟ

ಯಾರೋ ತೀರಿಕೊಂಡ ಮೇಲೋ, ಸಣ್ಣ ಮನೆಗೆ ಹೋಗುವಾಗಲೋ, ಮನೆಯಲ್ಲಿದ್ದದ್ದನ್ನೆಲ್ಲ ಅಲ್ಲೇ ಇಟ್ಟು ಮಾರುತ್ತಾರೆ. ವಸ್ತು ಎಲ್ಲಿಂದ ಬಂತು ಎಂಬ ಅನುಮಾನಕ್ಕೆ ಇಲ್ಲಿ ಜಾಗ ಕಡಿಮೆ. ಅದು ನಿಂತ ಗೋಡೆಯೇ ಕಣ್ಣೆದುರಿಗಿದೆ. ಬೆಲೆಯೂ ಹಗುರ, ಎರಡನೆಯ ದಿನ ಇನ್ನೂ ಹಗುರ. ಆದರೂ ವಯಸ್ಸಾದವರನ್ನು ಕರೆದೊಯ್ಯುವ ಮೊದಲು ಒಂದು ಸಲ ಯೋಚಿಸಿ. ಅಪರಿಚಿತರು ಒಬ್ಬರ ಬೀರು ತೆರೆದು ಬಟ್ಟೆ ಎತ್ತಿ ನೋಡುವ ದೃಶ್ಯ ಕೆಲವರಿಗೆ ಏನೂ ಅನ್ನಿಸುವುದಿಲ್ಲ, ಕೆಲವರ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಅಂಥ ಒಂದು ಮಾರಾಟದಲ್ಲಿ ಅಪ್ಪ ಲಾಟೀನು ಆಯ್ದುಕೊಳ್ಳುತ್ತಿದ್ದಾಗ ಅಮ್ಮ ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂತಿದ್ದಳು. ಆ ಮೇಲೆ ಅಂಥ ಕಡೆ ನಾನು ಅವಳನ್ನು ಕರೆದಿಲ್ಲ. ಮೆಟ್ಟಿಲು, ಇಕ್ಕಟ್ಟು, ಬಾಗಿಲಲ್ಲಿ ಸಾಲು ಎಂಬ ಕಷ್ಟಗಳು ಇದರ ಮುಂದೆ ಸಣ್ಣವು.

ಆಂಟಿಕ್ ಮೇಳದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರವೇಶ ಶುಲ್ಕ, ಜನಜಂಗುಳಿ, ನೂರಾರು ಮಳಿಗೆ. ಕೆಲವು ಮೇಳಗಳಲ್ಲಿ ಪರಿಣತರು ಸರಕನ್ನು ಮೊದಲೇ ಪರಿಶೀಲಿಸುತ್ತಾರೆ, ಅಂಥದ್ದಾದರೆ ನಂಬಿಕೆ ಅಂಗಡಿಯಷ್ಟೇ ಗಟ್ಟಿ. ಚೆನ್ನಾಗಿ ನಡೆಯಬಲ್ಲ ಹೆತ್ತವರಿಗೆ ಮ್ಯೂಸಿಯಂ ನೋಡಿದ ಖುಷಿ. ಕೊಳ್ಳುವ ಜಾಗವೆಂದು ನಾನು ಎಣಿಸುವುದಿಲ್ಲ.

ಎಲ್ಲಿಗೆ ಹೋದರೂ ಕೈ ಹಾಕುವ ಮೊದಲು

ಆನೆದಂತ, ಆಮೆಚಿಪ್ಪಿನ ವಸ್ತು ಕಂಡರೆ ಮುಟ್ಟದೆ ಮುಂದೆ ಹೋಗುವುದು ಕ್ಷೇಮ. ಅಳಿವಿನಂಚಿನ ಜೀವಿಗಳನ್ನು ಕಾಯಲು 1975ರಿಂದ ಜಾರಿಯಲ್ಲಿರುವ ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದ ಗಡಿ ದಾಟುವ ಇಂಥ ವ್ಯಾಪಾರವನ್ನು ಬಿಗಿಯಾಗಿ ಕಟ್ಟಿಹಾಕಿದೆ, ಅನೇಕ ದೇಶಗಳಲ್ಲಿ ಒಳಗಿನ ಮಾರಾಟಕ್ಕೂ ತಡೆಯಿದೆ. ಪೂಜಾಸ್ಥಳದ ಮೂರ್ತಿ, ಉತ್ಖನನದ ಮಣ್ಣು ಅಂಟಿದ ನಾಣ್ಯ ಎಂದರೆ ಹಿಂದಿನ ಮಾಲೀಕತ್ವದ ಕಾಗದ ಕೇಳಿ. ಕಳ್ಳಸಾಗಣೆ ತಡೆಯುವ ಯುನೆಸ್ಕೋ ಒಪ್ಪಂದ 1970ರದ್ದು, ಅದಕ್ಕಿಂತ ಹಿಂದಿನ ದಾಖಲೆ ಇದೆಯೇ ಎಂದು ಜವಾಬ್ದಾರಿಯುತ ವ್ಯಾಪಾರಿಗಳು ತಾವೇ ನೋಡುತ್ತಾರೆ. ಕತ್ತಲಲ್ಲಿ ಹೊಳೆಯುವ ಮುಳ್ಳಿನ ಹಳೆ ಗಡಿಯಾರದಲ್ಲಿ ವಿಕಿರಣ ಸೂಸುವ ರೇಡಿಯಂ ಬಣ್ಣ ಇರಬಹುದು. ಗಾಜು ತೆಗೆದು ಬೆರಳಿನಿಂದ ಉಜ್ಜುವ ಅಭ್ಯಾಸ ಅಪ್ಪನಿಗಿದ್ದರೆ ತಡೆಯಿರಿ. ಮರದಲ್ಲಿ ಸಣ್ಣ ತೂತು ಕಂಡರೆ ಹೆದರಬೇಕಿಲ್ಲ, ತೂತಿನ ಕೆಳಗೆ ಹೊಸ ಪುಡಿ ಉದುರಿದ್ದರೆ ಹುಳು ಇನ್ನೂ ಒಳಗಿದೆ ಎಂದು ಅರ್ಥ. ಪಿಂಗಾಣಿ ಬಟ್ಟಲನ್ನು ಅಂಗೈ ಮೇಲಿಟ್ಟು ಅಂಚಿಗೆ ಉಗುರಿನಿಂದ ಮೆಲ್ಲಗೆ ತಟ್ಟಿ. ಗಂಟೆಯಂತೆ ನಾದ ಬಂದರೆ ಸರಿ, ಮಂಕಾದ ಸದ್ದು ಬಂದರೆ ಎಲ್ಲೋ ಬಿರುಕಿದೆ. ಕಣ್ಣು ಮಂಜಾದ ಅಮ್ಮಂದಿರು ಈ ಪರೀಕ್ಷೆಯಲ್ಲಿ ನಮ್ಮನ್ನು ಸೋಲಿಸುತ್ತಾರೆ.

ಹಾಗಾದರೆ ಯಾರಿಗೆ ಯಾವುದು

ಮಂಡಿ, ಬೆನ್ನು, ಉಸಿರು ಯಾವುದೇ ತೊಂದರೆ ಇರುವವರಿದ್ದರೆ ಒಂದೇ ಸೂರಿನ ಮಳಿಗೆ. ಬೆಳಗ್ಗೆ ಎರಡು ಗಂಟೆ, ಮಧ್ಯೆ ವಿಶ್ರಾಂತಿ, ಬೇಕಿದ್ದರೆ ಮತ್ತೊಂದು ಗಂಟೆ. ಕೈಯಲ್ಲಿ ಹಣ ಕಮ್ಮಿ, ಕಾಲು ಗಟ್ಟಿ, ಮಾತು ಜಾಸ್ತಿ ಎಂದರೆ ಸಂತೆಯೇ. ಒಂದು ದೊಡ್ಡ ವಸ್ತು, ಬಾಳಿಕೆ ಬರುವಂಥದ್ದು, ಬೇಕೆಂದು ವರ್ಷದಿಂದ ಹಣ ಕೂಡಿಟ್ಟಿದ್ದರೆ ಶನಿವಾರ ಹರಾಜಿನ ವೀಕ್ಷಣೆ, ಭಾನುವಾರ ಅಂಥದ್ದೇ ವಸ್ತುವಿಗೆ ಅಂಗಡಿಯಲ್ಲಿ ಎಷ್ಟಿದೆ ಎಂದು ನೋಡಿ ಬರುವುದು, ಆಮೇಲಿನ ವಾರ ನಡೆಯುವ ಹರಾಜಿಗೆ ಬರೆದ ಮೊತ್ತ. ಇಬ್ಬರ ಮದುವೆಯ ವಾರ್ಷಿಕೋತ್ಸವಕ್ಕೆ ಕೊಡುವ ಉಡುಗೊರೆಯಾದರೆ ಚೌಕಾಸಿಯ ಆಸೆ ಬಿಟ್ಟು ಅಂಗಡಿಗೆ ಹೋಗಿ, ರಸೀದಿ ಬರೆಸಿಕೊಳ್ಳಿ.

ಅಪ್ಪನಿಗೆ ಸಂತೆ, ಅಮ್ಮನಿಗೆ ಮಳಿಗೆ ಎಂದು ಎಳೆದಾಟವಾದರೆ ಎರಡು ದಿನವನ್ನು ಹಂಚಿಕೊಡಿ. ಒಂದೇ ದಿನ ಎರಡನ್ನೂ ಮುಗಿಸುವ ಆಸೆಗೆ ಬೀಳಬೇಡಿ. ಮೊದಲ ದಿನ ಏನೂ ಕೊಳ್ಳಬಾರದು ಎಂಬ ಒಪ್ಪಂದವೂ ಇರಲಿ. ಮನಸ್ಸಿಗೆ ಹಿಡಿಸಿದ್ದರ ಫೋಟೋ ತೆಗೆದು, ಅಳತೆ ಬರೆದುಕೊಂಡು ಬಂದು, ರಾತ್ರಿ ಮೂವರೂ ಕೂತು ನೋಡಿ. ಮನೆಯ ಬಾಗಿಲಿನ ಅಗಲವನ್ನೂ ಆಗಲೇ ಅಳೆದುಬಿಡಿ. ಅಳೆಯದೆ ತಂದ ಬೀರು ನಮ್ಮ ವರಾಂಡದಲ್ಲೇ ಎರಡು ಮಳೆಗಾಲ ಕಳೆದಿದೆ.